ಮುಚ್ಚಿಹೋದ ಮಚ್ಚೆ

ಜೂನ್ 4, ಮಧ್ಯಾಹ್ನ
ಮದುವೆ ಮುಗಿದರೂ ಮತ್ತೆ ಅದೇ ತಲೆನೋವು! ಹದಿನೈದನೇ ತಾರೀಖಿನ ರಿಸೆಪ್ಷನ್‌ಗೆ ಮಿರಮಿರ ಮಿಂಚುವ ಗ್ಲಾಸಿ ಲುಕ್ಕೋ, ಹೊಳಪಿಲ್ಲದ ಮ್ಯಾಟ್ ಲುಕ್ಕೋ? ಫೋನ್ ತುಂಬ ಮಾಡೆಲ್‌ಗಳ ಫೋಟೊ. ಇವರಿಗೆ ತೋರಿಸಿದೆ.
"ಎಲ್ರೂ ಒಂದೇ ಥರ ಇದ್ದಾರಲ್ಲೇ!"
ಗಂಡಸರೇ ಹೀಗೆ. "ಹಾಗಾದ್ರೆ ನನ್ನಲ್ಲಿ ಏನಿಷ್ಟ ಹೇಳಿ" ಎಂದು ಪೀಡಿಸಿದೆ. ಕೆನ್ನೆಯ ಮಚ್ಚೆ ಮುಟ್ಟಿ "ಇದು" ಎಂದರು. ಅಯ್ಯೋ... ಕರಗಿ ನೀರಾದೆ. ಸೋ ಸ್ವೀಟ್!

ಜೂನ್ 7, ಸಂಜೆ
ಇವತ್ತು ಮೇಕಪ್ ಟ್ರಯಲ್. ಬ್ಯೂಟಿಷಿಯನ್ ಆಂಟಿ ಕನ್ಸೀಲರ್ ಬಳಿದು ಮಚ್ಚೆಯನ್ನೇ ಮಾಯ ಮಾಡಿದರು, ಕೂದಲು ಎತ್ತಿ ಕಟ್ಟಿದರು. ಥೇಟ್ ಗೊಂಬೆ! ಕರೆದೊಯ್ಯಲು ಇವರು ಬಂದರು. ಪಾರ್ಲರಿನ ಕಪ್ಪು ಬಟ್ಟೆ ಹೊದ್ದುಕೊಂಡೇ ಓಡಿಹೋಗಿ ಎದುರಿಗೆ ನಿಂತೆ. ಮಾತಾಡಲಿಲ್ಲ — ಸರ್ಪ್ರೈಸ್!
"ಸ್ವಲ್ಪ ದಾರಿ ಬಿಡ್ತೀರಾ ಮೇಡಂ? ನನ್ನ ಹೆಂಡ್ತಿ ಒಳಗಿದ್ದಾಳೆ."
ಪಕ್ಕನೆ ನಕ್ಕೆ. ಆ ನಗು ಕೇಳಿದ್ದೇ ತಡ, ಇವರ ಮುಖ ಬಿಳುಚಿಕೊಂಡಿತು.
ಇವರು ತಮಾಷೆ ಮಾಡಿರಲಿಲ್ಲ, ನಿಜಕ್ಕೂ ನನ್ನ ಗುರುತೇ ಸಿಕ್ಕಿರಲಿಲ್ಲ.

ಜೂನ್ 8
ಅತ್ತೆ ರೂಮಿಗೆ ಬಂದು ಪಕ್ಕದಲ್ಲಿ ಕೂತರು.
"ಹುಟ್ಟಿದಾಗಿಂದ ಹಾಗೇ ಕಣಮ್ಮ. ಅವನಿಗೆ ಮುಖಗಳು ನೆನಪಲ್ಲಿ ನಿಲ್ಲಲ್ಲ. ನಾನು ಕನ್ನಡಕ ಬದಲಾಯಿಸಿದ ದಿನ, 'ಯಾರು ಬೇಕಿತ್ತು?' ಅಂತ ನನ್ನನ್ನೇ ಕೇಳಿದ್ದ. ಔಷಧಿ ಇಲ್ವಂತೆ."
"ಮೊದಲೇ ಹೇಳಬಾರದಿತ್ತಾ ಅತ್ತೆ?"
"ಹೇಳಿದ್ರೆ ಒಪ್ತಿದ್ಯಾ?"
ಹಾಗಾದರೆ ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು... ನನ್ನನ್ನಲ್ಲವೇ? ಮಚ್ಚೆಯನ್ನೇ?

ಜೂನ್ 13
ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಮಾತೂ ಬಿಟ್ಟಿದ್ದೆ. ನಿನ್ನೆ ಇವರೇ ಬಂದರು.
"ಮಚ್ಚೆ ಕಂಡ್ರೆ ಸಾಕು, ದನಿ ಕೇಳಿದ್ರೆ ಸಾಕು, ನೀನು ಅಂತ ಗೊತ್ತಾಗುತ್ತೆ ಕಣೆ. ಆಫೀಸಲ್ಲಿ ಯಾರಿಗೂ ಈ ವಿಷಯ ಗೊತ್ತಿಲ್ಲ. ರಿಸೆಪ್ಷನ್ ದಿನ ಅವರೆಲ್ಲರ ಎದುರಿಗೆ ನಿನ್ನ ಬಿಟ್ಟು ಇನ್ಯಾರದೋ ಕೈ ಹಿಡಿದುಬಿಟ್ರೆ..."
ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಂಟಿಗೆ ಫೋನ್ ಮಾಡಿದೆ — ಗ್ಲಾಸಿಯೋ ಮ್ಯಾಟೋ ನಿಮ್ಮಿಷ್ಟ, ಮಚ್ಚೆ ಮಾತ್ರ ಕಾಣಬೇಕು.
"ಎಲ್ರೂ ಮುಚ್ಚಿಸ್ಕೊಳ್ಳೋಕೆ ಬರ್ತಾರಮ್ಮ, ನೀನೊಬ್ಳು ನೋಡು!"

ಜೂನ್ 15, ಪಾರ್ಲರಿನಲ್ಲಿ
ಫೋನಿನಲ್ಲೇ ಬರೆಯುತ್ತಿದ್ದೇನೆ. ಲಿಪ್‌ಸ್ಟಿಕ್ ಒಣಗುವವರೆಗೆ ಬಾಯಿ ತೆರೆಯಕೂಡದು, ಆಂಟಿಯ ಆರ್ಡರ್. ಮಚ್ಚೆ ಜಾಗದಲ್ಲೇ ಇದೆ. ನನಗೂ ತಂಗಿಗೂ ಒಂದೇ ಥರದ ತುರುಬು, ಮೈತುಂಬ ಅದೇ ಕಪ್ಪು ಬಟ್ಟೆ. ಅವಳು ಆಗಿನಿಂದ ಕನ್ನಡಿ ಬಿಟ್ಟು ಕದಲಿಲ್ಲ, ಏನು ಮಾಡುತ್ತಿದ್ದಾಳೋ...
ತಿರುಗಿದಳು. ದೇವರೇ. ಐಬ್ರೋ ಪೆನ್ಸಿಲಿನಲ್ಲಿ ಕೆನ್ನೆಗೊಂದು ಮಚ್ಚೆ! ಅದೇ ಜಾಗ!
"ಹೆಂಗಿದೆ ಅಕ್ಕ? ಭಾವನ್ನ ಸ್ವಲ್ಪ ಗೋಳುಹೊಯ್ಕೊಳ್ಳೋಣ!"
ಅವಳಿಗೇನು ಗೊತ್ತು, ಪಾಪ. ಒರೆಸು ಎಂದು ಕೈಸನ್ನೆ ಮಾಡಿದೆ. ಕಿಸಕ್ಕನೆ ನಕ್ಕು ಬಾಗಿಲ ಹತ್ತಿರ ಹೋಗಿ ನಿಂತಳು.
ಬಾಗಿಲು ತೆರೆಯಿತು. ಇವರು. ಹಿಂದೆಯೇ, ನಮ್ಮನ್ನು ರಿಸೆಪ್ಷನ್ ಹಾಲ್‌ಗೆ ಕರೆದೊಯ್ಯಲು ಜೊತೆಗೆ ಬಂದ ಇವರ ಬಾಸ್, ಆಫೀಸಿನವರು. ತಂಗಿಯ ಕೆನ್ನೆ ನೋಡಿ ಇವರ ಮುಖ ಅರಳಿತು. ಕೈ ಚಾಚುತ್ತಿದ್ದಾರೆ — ಲಿಪ್‌ಸ್ಟಿಕ್ ಹಾಳಾಗಿ ಹೋಗಲಿ, ರೀ ಅಂತ ಕೂ—