ಮೊನೆ ಮುರಿದ ತ್ರಿಕೋನ

ವಿಯೆನ್ನಾ, 1913

ಮಹಾಕಲಾವಿದ ಓಟ್ಟೋಕಾರ್‌ನಿಗೆ,

ಬರ್ಲಿನ್ನಿನ ನಿನ್ನ ವಿಳಾಸ ಗೊತ್ತು. ಅಂಚೆಚೀಟಿ ದಂಡ ಮಾಡುವಷ್ಟು ಬೆಲೆ ನಿನಗಿಲ್ಲ.

ಇವತ್ತು ನಮ್ಮ ಬಟ್ಟೆ ಅಚ್ಚಿನ ಕಾರ್ಖಾನೆಗೆ ಒಬ್ಬ ವಿಮರ್ಶಕ ಬಂದಿದ್ದ. ನಿನ್ನ ಹೆಸರಲ್ಲಿ ಮಾರುವ ಕಪ್ಪು ತ್ರಿಕೋನಗಳ ಬಟ್ಟೆಯ ಮೇಲೆ ಬೆರಳಾಡಿಸಿ, "ನೋಡ್ರಮ್ಮ, ಪ್ರತಿ ಸಾಲಲ್ಲೂ ಒಂದರ ಮೊನೆ ಮುರಿದಿದಾನೆ! ಎಂಥ ಧೈರ್ಯ ರೀ ಆ ಮನುಷ್ಯಂದು!" ಎಂದ.

"ಅವರ ಕೈ ಅಂದ್ರೆ ಸುಮ್ನೇನಾ ಸ್ವಾಮಿ!" ಎಂದೆ.

ಗೆರೆ ನೆಟ್ಟಗೆ ಎಳೆಯಲು ಬಾರದ ನಿನ್ನ ನಕ್ಷೆಯನ್ನು ತಿದ್ದಿ, ಬಟ್ಟೆಗೆ ಒತ್ತುವ ಮರದ ಅಚ್ಚು ಕೊರೆದವಳು ನಾನು. ನೀನು ಊರು ಬಿಡುತ್ತೇನೆಂದ ದಿನ ನನ್ನ ಉಳಿ ಜಾರಿ ಆ ಮೊನೆ ಹಾರಿತ್ತು.

ಆ ಅಚ್ಚು ಈಗ ಸವೆದಿದೆ. ವಾರದಿಂದ ಹೊಸದು ಕೊರೆಯುತ್ತಿದ್ದೆ. ಎಲ್ಲ ಮೊನೆಗಳೂ ಚೂಪಾಗಿ ಬಂದಿದ್ದವು. ವಿಮರ್ಶಕ ಹೋದ ಮೇಲೆ ಉಳಿ ತೆಗೆದುಕೊಂಡು, ಈ ಸಲ ಬೇಕೆಂದೇ, ಆ ಒಂದರ ಮೊನೆ ಮುರಿದೆ.

ಲಿಯೋಪೋಲ್ಡೀನ