ಸೈರನ್ ಆಪಾ ಕೇಳಿದ ಸಾಕ್ಷಿ

ಶುಕ್ರವಾರ, ಫೆಬ್ರವರಿ ೨೦
ಇಳಿಹೊತ್ತಿನ ಅಸರ್ ನಮಾಜು ಮುಗಿಸಿ

ನನ್ನ ಮುದ್ದಿನ ಮಗಳಿಗೆ,

ಅಸ್ಸಲಾಮು ಅಲೈಕುಮ್. ನೀನು, ಅಳಿಯಂದಿರು, ಬೀಗರು, ನನ್ನ ಪುಟ್ಟ ಮೊಮ್ಮಗಳು ಎಲ್ಲರೂ ಅಲ್ಲಾಹನ ದಯೆಯಿಂದ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಾವೂ ಸುಖವಾಗಿದ್ದೇವೆ. ಕಾಗದ ತಡವಾಯಿತು, ಸಿಟ್ಟಾಗಬೇಡ. ಪೆನ್ನು ಹಿಡಿದು ಕೂತಾಗಲೆಲ್ಲ ಯಾರಾದರೂ ಬಾಗಿಲು ತಟ್ಟುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಬ್ಬ ಪಕ್ಕದಲ್ಲೇ ನಿಂತು ಅರ್ಧ ಕಥೆಯನ್ನು ತಾವೇ ಹೇಳಿಬಿಡುತ್ತಾರೆ, ಅದೂ ಕೊನೆಯ ಅರ್ಧವನ್ನು! ಈಗ ಅವರು ಯಾರದೋ ಫ್ಯಾನು ಬಿಚ್ಚಿ ನಡುಮನೆಯ ತುಂಬ ಹರಡಿಕೊಂಡಿದ್ದಾರೆ. ಸದ್ಯಕ್ಕೆ ಏಳುವುದಿಲ್ಲ. ಹಾಗಾಗಿ ಬರೆಯಲು ಕೂತೆ.

ನಿನ್ನ ಮದುವೆಯಾದ ಮೇಲೆ ನಮ್ಮ ಮೇಲಿನ ಮನೆಗೆ ಒಬ್ಬರು ಬಂದರಲ್ಲ, ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದವರು, ಈ ಕಾಗದ ಅವರ ವಿಷಯ. ಒಂಟಿ ಹೆಂಗಸು. ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗಿ ಕೂಗಿ ಬೆಳೆಸಿಕೊಂಡ ಗಂಟಲನ್ನು ಹಾಗೇ ನಮ್ಮ ಕಟ್ಟಡಕ್ಕೆ ತಂದಿದ್ದಾರೆ. ಮೆಟ್ಟಿಲ ಮೇಲೆ ಸೈಕಲ್ ನಿಲ್ಲಿಸಿದರೆ ಕೂಗು. ನಲ್ಲಿ ತೊಟ್ಟಿಕ್ಕಿದರೆ ಕೂಗು. ಕಸದ ಬುಟ್ಟಿಗೆ ಮುಚ್ಚಳ ಹಾಕದಿದ್ದರೆ ದೇವರೇ ಗತಿ. ನಿನ್ನ ಅಬ್ಬ ಅವರಿಗೆ ಸೈರನ್ ಆಪಾ ಎಂದು ಹೆಸರಿಟ್ಟರು. ಅಡ್ಡಹೆಸರು ಇಡಬಾರದು, ನಮ್ಮ ಧರ್ಮದಲ್ಲಿ ತಡೆ ಇದೆ ಎಂದು ನಾನು ಗದರಿದೆ. ಅಷ್ಟರಲ್ಲಿ ಅದು ಅವರ ಕಿವಿಗೂ ಬಿದ್ದಿತ್ತು. "ಸೈರನ್ ಕೇಳಿದ್ರೆ ಜನ ದಾರಿ ಬಿಡ್ತಾರೆ. ಒಳ್ಳೇ ಹೆಸರೇ ಇಟ್ಟಿದ್ದಾರೆ ನಿನ್ನ ಗಂಡ" ಎಂದು ನಕ್ಕುಬಿಟ್ಟರು. ಆಮೇಲೆ ನಾವೂ ಹಾಗೇ ಕರೆಯುತ್ತೇವೆ.

ಎಲ್ಲಕ್ಕಿಂತ ಹೆಚ್ಚು ದೂರು ಬೆಳಗಿನ ಜಾವದ ಕೂಗಿನ ಬಗ್ಗೆ. ಫಜ್ರ್ ಬಾಂಗ್ ಆದ ಕೂಡಲೇ ಅವರು ಮೆಟ್ಟಿಲ ತಿರುವಿನಲ್ಲಿ ನಿಂತು, "ಬಾಂಗ್ ಆಯ್ತು! ಏಳಿ! ಏಳಿ!" ಎಂದು ಕೂಗುತ್ತಿದ್ದರು. ಇಡೀ ಕಟ್ಟಡ ಹಾಸಿಗೆಯಲ್ಲಿ ಬೆಚ್ಚಿಬೀಳುತ್ತಿತ್ತು. ತಾನು ಎದ್ದಿದ್ದೇನೆ ಎಂದು ಎಲ್ಲರಿಗೂ ಸಾರುವುದಕ್ಕೇ ಹೀಗೆ ಮಾಡುತ್ತಾರೆ ಎಂದು ಜನ ಹೇಳುತ್ತಿದ್ದರು. ನಾನು ಬಾಯಿಬಿಟ್ಟು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಆಪಾ ನಮ್ಮ ಮನೆಗೆ ಬಂದರು. ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಸ್ಟೂಲು ಎಳೆದುಕೊಂಡು ಕೂತರು. ನೀರು ಕೊಟ್ಟೆ, ಕುಡಿದರು. ಆಮೇಲೆ ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಗಂಟಲ ಹತ್ರ ಗಡ್ಡೆ ಇದೆಯಂತೆ. ಮುಂದಿನ ವಾರ ಆಪರೇಷನ್. ಡಾಕ್ಟರು ಭಯ ಬೇಡ ಅಂದ್ರು. ಭಯ ಏನಿಲ್ಲ ನನಗೆ. ಒಂದು ಮಾತು ಕೇಳ್ಬೇಕಿತ್ತು. ನಾನು ಸತ್ರೆ ತೊಳೆಯೋಕೆ ಬರೋದು ನೀನೇ ತಾನೇ?"

ಈ ಬಡಾವಣೆಯ ಹೆಂಗಸರಲ್ಲಿ ಯಾರೇ ತೀರಿಕೊಂಡರೂ ಕೊನೆಯ ಸ್ನಾನಕ್ಕೆ ನನ್ನನ್ನೇ ಕರೆಯುತ್ತಾರೆ, ಅದು ಆಪಾಗೂ ಗೊತ್ತು. "ಏನು ಮಾತು ಇದು, ಬಿಡಿ ಆಪಾ" ಎಂದೆ.

"ಬಿಡೋದಿಲ್ಲ. ತೊಳೆದು ಹೊರಗೆ ಬಂದಾಗ ಜನ ಕೇಳ್ತಾರಲ್ಲ, ಹೇಗಿದ್ರು ಅಂತ. ಏನು ಹೇಳ್ತೀಯ ನನ್ನ ಬಗ್ಗೆ?"

ಆಗ ನನಗೆ ಅರ್ಥವಾಯಿತು. ಪ್ರವಾದಿಯವರ ಎದುರು ಒಂದು ಜನಾಜಾ ಹಾದುಹೋದಾಗ ಜನ ಸತ್ತವರನ್ನು ಹೊಗಳಿದರಂತೆ. ಅದನ್ನು ಕೇಳಿ ಪ್ರವಾದಿಯವರು, ಸಲ್ಲಲ್ಲಾಹು ಅಲೈಹಿ ವಸಲ್ಲಮ್, ಅವರಿಗೆ ಸ್ವರ್ಗ ಖಚಿತವಾಯಿತು, ಭೂಮಿಯ ಮೇಲೆ ನೀವೇ ಅಲ್ಲಾಹನ ಸಾಕ್ಷಿಗಳು ಎಂದರಂತೆ. ಚಿಕ್ಕವಳಿದ್ದಾಗ ನಿನಗೂ ಹೇಳಿದ್ದೆ. ಆಪಾ ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದರು. "ನನ್ನ ಜನಾಜಾ ಹೋಗುವಾಗ ಈ ಕಟ್ಟಡದವರು ಏನಂತಾರೆ ಹೇಳು? ಸದ್ಯ, ಇನ್ನು ನಿದ್ದೆ ಮಾಡಬಹುದು ಅಂತಾರೆ!"

ನನಗೆ ನಗು ಬಂತು. ಅವರ ಕಣ್ಣು ನೋಡಿ ನುಂಗಿಕೊಂಡೆ. "ಸುಳ್ಳು ಹೇಳೋಕೆ ನನಗೆ ಬರಲ್ಲ ಆಪಾ" ಎಂದೆ.

"ಸುಳ್ಳು ಯಾರೇ ಕೇಳಿದ್ದು? ನಿಜ ಹುಡುಕು. ನಾನು ಬದುಕಿರೋವಾಗ್ಲೇ ಹುಡುಕು. ಸತ್ತ ಮೇಲೆ ಹೇಳಿದ್ರೆ ನನಗೇನು ಕೇಳಿಸುತ್ತಾ?"

ಸಮಾಧಾನ ಮಾಡೋಣವೆಂದು, "ನೀವು ಒಂಟಿ ಇದ್ದೀರಿ, ಆ ಬೇಜಾರಿಗೆ ಕೂಗ್ತೀರಿ, ಅದು ನನಗೆ ಅರ್ಥವಾಗುತ್ತೆ" ಎಂದೆ. ಸ್ಟೂಲಿನಿಂದ ಎದ್ದೇಬಿಟ್ಟರು. "ಬೇಜಾರೂ ಇಲ್ಲ, ಬದನೆಕಾಯೂ ಇಲ್ಲ! ಜನ ತಪ್ಪು ಮಾಡ್ತಾರೆ, ನಾನು ಕೂಗ್ತೀನಿ. ನನಗೆ ಕೋಪ ಜಾಸ್ತಿ, ಅಷ್ಟೇ. ಅಯ್ಯೋ ಪಾಪ ಅಂತ ಮಾತ್ರ ಅನ್ಬೇಡ ನನ್ನನ್ನ!" ಎಂದು ಎಂದಿನ ದನಿಯಲ್ಲೇ ಹೇಳಿ ಹೊರಟುಹೋದರು. ಇಸ್ತ್ರಿಪೆಟ್ಟಿಗೆಯ ಕೆಳಗೆ ನಿನ್ನ ಅಬ್ಬನ ಬನಿಯನ್ನು ಸುಟ್ಟ ವಾಸನೆ ಬಂದಾಗಲೇ ನನಗೆ ಎಚ್ಚರ.

ಆಮೇಲೆ ಯೋಚಿಸಿದೆ. ಅವರು ಹೇಳಿದ್ದು ನಿಜ. ಇಷ್ಟು ದಿನ ನಾನು ಒಬ್ಬರಲ್ಲಿ ಒಳ್ಳೆಯದನ್ನು ಕಾಣುವುದೆಂದರೆ ಅವರ ಮೇಲೆ ಒಂದಿಷ್ಟು ಮರುಕ ಸುರಿಯುವುದು ಎಂದುಕೊಂಡಿದ್ದೆ. ಪಾಪ ಎನ್ನುವುದು ಬೇರೆ, ಒಳ್ಳೆಯದನ್ನು ಕಾಣುವುದು ಬೇರೆ. ಮರುಕಪಡಲು ಕಣ್ಣು ಮುಚ್ಚಿಕೊಂಡರೂ ಆದೀತು. ಇದಕ್ಕೆ ಕಣ್ಣು ತೆರೆದೇ ಇರಬೇಕು.

ಹುಡುಕಲು ಹೊರಟೆ. ಮೊದಲೇ ಒಂದು ಕಟ್ಟು ಹಾಕಿಕೊಂಡೆ. ಬೆನ್ನ ಹಿಂದೆ ಆಡಿಕೊಳ್ಳುವುದು ಎಂಥ ಪಾಪವೆಂದು ನಿನಗೆ ಗೊತ್ತು. ಹಾಗಾಗಿ ಬಾಗಿಲಲ್ಲೇ ಹೇಳುತ್ತಿದ್ದೆ: "ಸೈರನ್ ಆಪಾ ಬಗ್ಗೆ ಒಳ್ಳೇದಿದ್ರೆ ಹೇಳಿ, ಇಲ್ಲದಿದ್ರೆ ಚಹಾ ಕೊಡಿ." ಎಲ್ಲರೂ ಚಹಾ ಕೊಟ್ಟರು! ಈ ಮನೆಯಲ್ಲೂ ಚಹಾ, ಆ ಮನೆಯಲ್ಲೂ ಚಹಾ. ಹೊಟ್ಟೆ ಉಬ್ಬರಿಸಿಕೊಂಡು ವಾಪಸು ಬಂದೆ. ನಿನ್ನ ಅಬ್ಬ, "ಸಾಕ್ಷಿ ಸಿಗದಿದ್ರೆ ಹೋಗ್ಲಿ, ನಮ್ಮನೇಲಿ ಚಹಾಪುಡಿಯಾದ್ರೂ ಉಳೀತು" ಎಂದರು.

ಮಾರನೆಯ ದಿನ ತರಕಾರಿಯವನ ಹತ್ತಿರ ಕೇಳಿದೆ. ಅವನು ತಲೆ ಕೆರೆದುಕೊಂಡ. "ಒಂದ್ಸಲ ಒಳ್ಳೇ ಟೊಮೆಟೊ ಮೇಲಿಟ್ಟು ಕೊಳೆತದ್ದು ಕೆಳಗಿಟ್ಟಿದ್ದೆ. ಬೀದಿಗೆಲ್ಲ ಕೇಳೋ ಹಾಗೆ ಮಾನ ಕಳೆದ್ರಮ್ಮ. ಆವತ್ತಿಂದ ಹೆದರಿಕೊಂಡು ಆರಿಸಿ ಇಡ್ತೀನಿ. ಈಗ ನೋಡಿ, ದೂರದಿಂದೆಲ್ಲ ನನ್ನ ಗಾಡಿಗೇ ಬರ್ತಾರೆ" ಎಂದ. ಹೇಳಿದ ಮೇಲೆ ತಾನೇ ಆಶ್ಚರ್ಯದಿಂದ ನನ್ನ ಮುಖ ನೋಡಿದ.

ಎದುರುಮನೆಯ ಸೊಸೆ ಆವತ್ತು ಚಹಾ ಕೊಟ್ಟವಳು, ಈಗ ಮೆಟ್ಟಿಲಲ್ಲಿ ನನ್ನನ್ನು ತಡೆದಳು. ಅವಳು ಹೊಸದಾಗಿ ಬಂದಾಗ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದಿತ್ತಂತೆ. ತವರಿಗೆ ಕಳಿಸಿ ಎಂದು ಕೇಳಲು ಬಾಯಿ ಬರದೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಅಳುತ್ತಿದ್ದಳಂತೆ. ಆಪಾ ವಿಷಯ ತಿಳಿದವರೇ ಕೆಳಗಿಳಿದು ಬಂದು, "ಈ ಹುಡುಗಿ ಅಮ್ಮನ್ನ ನೋಡ್ಕೊಂಡು ಬರೋದು ಯಾವಾಗ?" ಎಂದು ಅತ್ತೆಯನ್ನು ಕೇಳಿದರಂತೆ. ಕೇಳಿದ್ದು ಅತ್ತೆಯನ್ನು, ಕೇಳಿಸಿದ್ದು ಇಡೀ ಕಟ್ಟಡಕ್ಕೆ! ಸಂಜೆಯೊಳಗೆ ಅತ್ತೆಯೇ ಕೈಯಾರೆ ಬಟ್ಟೆ ಜೋಡಿಸಿ ಕಳಿಸಿದರಂತೆ. "ಅಮ್ಮ ಈಗ ಚೆನ್ನಾಗಿದ್ದಾರೆ ಆಂಟಿ. ನಾನು ಆಪಾಗೆ ಒಂದ್ಸಲಾನೂ ಥ್ಯಾಂಕ್ಸ್ ಹೇಳಿಲ್ಲ. ನನಗೂ ಬೈತಾರೇನೋ ಅಂತ ಹೆದರಿಕೆ" ಎಂದಳು.

ಕೊನೆಗೆ ಮೇಲಿನ ಮಹಡಿಯ ಗಿರಣಿ ತಾತನ ಹತ್ತಿರ ಹೋದೆ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಆಯುಷ್ಯ ಕಳೆದು ಅವರ ಕಿವಿ ಹೋಗಿದೆ. ಕಿವಿಗೆ ಯಂತ್ರ ಹಾಕಿಕೊಂಡರೆ ಮತ್ತೆ ಗಿರಣಿಯೇ ಶುರುವಾದ ಹಾಗಾಗುತ್ತದೆ ಎಂದು ತೆಗೆದಿಟ್ಟಿದ್ದಾರೆ. ನಾನು ಪ್ರಶ್ನೆಯನ್ನು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಿದೆ. ಓದಿದರು. ಮುಖವೆಲ್ಲ ಅರಳಿತು.

"ಈ ಕಟ್ಟಡದಲ್ಲಿ ಎಲ್ರೂ ಬಾಯಿ ಆಡಿಸ್ತಾರಮ್ಮ. ಮಾತಾಡೋಳು ಅವಳೊಬ್ಬಳೇ! ಯಾರಿಗೆ ಮಗು ಆಯ್ತು, ಯಾವ ಬಸ್ಸು ನಿಂತೋಯ್ತು, ಎಲ್ಲ ನನಗೆ ಅವಳಿಂದಲೇ ಗೊತ್ತು. ಬಾಂಗ್ ನನಗೆ ಕೇಳಿಸಲ್ಲ. ಅವಳು ಬಂದು ಕೂಗ್ತಾಳೆ, ನಾನು ಏಳ್ತೀನಿ. ಅವಳು ಬಂದಾಗಿನಿಂದ ಫಜ್ರ್ ತಪ್ಪಿಲ್ಲ ನನಗೆ."

ಮಗಳೇ, ನಾನು ಹಾಳೆ ಮಡಿಸಿಕೊಂಡು ಮೆಟ್ಟಿಲಿಗೆ ಬಂದೆ. ಆಪಾ ಕೂಗುವುದು ತಾತನ ಬಾಗಿಲ ಕೆಳಗಿನ ತಿರುವಿನಲ್ಲಿ ನಿಂತು. ಅದನ್ನು ಇಷ್ಟು ದಿನ ನಮ್ಮಲ್ಲಿ ಒಬ್ಬರೂ ಗಮನಿಸಿರಲಿಲ್ಲವಲ್ಲ! ಗುಮಾನಿಯಿಂದ ದೂರವಿರಿ ಎಂದು ಅಲ್ಲಾಹನು ಸುಮ್ಮನೆ ಹೇಳಿದ್ದಾನೆಯೇ?

ನೇರವಾಗಿ ಆಪಾ ಮನೆಗೆ ಹೋದೆ. ಆಸ್ಪತ್ರೆಗೆ ಬ್ಯಾಗು ತುಂಬುತ್ತಿದ್ದರು. "ಬೆಳಗ್ಗೆ ನೀವು ಕೂಗೋದು ತಾತನಿಗೋಸ್ಕರವಾ?" ಎಂದು ಕೇಳಿದೆ. ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಮತ್ತೆ ಇನ್ಯಾರಿಗೆ? ನಿಮಗೆಲ್ಲ ಅಲಾರಂ ಇಲ್ವಾ?"

"ಯಾಕೆ ಹೇಳ್ಲಿಲ್ಲ ಯಾರಿಗೂ?"

"ಯಾರು ಕೇಳಿದ್ರು?"

ತಂದ ಸಾಕ್ಷಿಯನ್ನೆಲ್ಲ ಅವರ ಮುಂದೆ ಹೇಳಿದೆ. ಟೊಮೆಟೊದ್ದು ಕೇಳಿ, "ಅವನು ಈಗ ಬೀನ್ಸಲ್ಲಿ ಮೋಸ ಮಾಡ್ತಾನೆ, ನೋಡ್ಕೊಳ್ತೀನಿ ತಾಳು" ಎಂದರು. ಸೊಸೆಯ ಮಾತು ಕೇಳುತ್ತಾ ಬ್ಯಾಗಿಗೆ ಬಟ್ಟೆ ತುರುಕಿದರು. ತಾತನ ಮಾತು ಹೇಳುವಾಗ ಬೆನ್ನು ತಿರುಗಿಸಿ, ಆಗಲೇ ಮಡಿಸಿಟ್ಟಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು. "ಸರಿ, ಹೋಗು. ಕೆಲಸ ಇದೆ ನನಗೆ" ಎಂದರು.

ಆಪರೇಷನ್ ಸುಸೂತ್ರವಾಗಿ ಆಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಮನೆಗೆ ಬಂದಾಗ ದನಿ ಇಲ್ಲ. ಬರೀ ಗಾಳಿ. ಬರಬಹುದು, ಬರದೆಯೂ ಇರಬಹುದು, ಸದ್ಯಕ್ಕೆ ಬಾಯಿ ತೆರೆಯಬೇಡಿ ಎಂದರಂತೆ ಡಾಕ್ಟರು. ಮೊದಲ ದಿನ ಇಡೀ ಕಟ್ಟಡ ಹೊತ್ತು ಏರುವ ತನಕ ಮಲಗಿತ್ತು. ನಿನ್ನ ಅಬ್ಬನ ಫಜ್ರೂ ತಪ್ಪಿತು, ಅಲಾರಂ ಇದ್ದೂ! ತಾತ ಬಿಸಿಲಲ್ಲಿ ಎದ್ದು ಮೆಟ್ಟಿಲ ಮೇಲೆ ಪೆಚ್ಚಾಗಿ ಕೂತಿದ್ದರು. ಯಾರಿಗೂ ಅವರ ಮುಖ ನೋಡಲಾಗಲಿಲ್ಲ.

ಸರದಿಯ ಮೇಲೆ ನಾವೇ ಕೂಗುವುದೆಂದು ತೀರ್ಮಾನವಾಯಿತು. ನಾನು ಕೂಗಿದೆ. ತಾತ ಏಳಲಿಲ್ಲ. ಆಮೇಲೆ, "ಕನಸಲ್ಲಿ ಕೋಳಿ ಬಂದಿತ್ತು" ಎಂದರು. ನಿನ್ನ ಅಬ್ಬ ಡಬ್ಬ ಬಡಿದರು. ಯಾರದೋ ಮನೆಯ ಮಗು ಎದ್ದು ಅತ್ತಿತು, ತಾತ ಏಳಲಿಲ್ಲ. ಎದುರುಮನೆಯ ಸೊಸೆಯ ಸರದಿ ಬಂದ ದಿನ ಅವಳು ತಿರುವಿನಲ್ಲಿ ನಿಂತು ನಾಚಿಕೊಂಡು, ಹಾಡು ಹೇಳುವ ಹಾಗೆ, "ತಾತಾ, ಬಾಂಗ್ ಆಯ್ತೂ" ಎಂದಳು. ಆಪಾ ಮನೆಯ ಬಾಗಿಲು ದಢಾರೆಂದು ತೆರೆಯಿತು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಆಪಾ ನಿಂತಿದ್ದರು.

"ಗಂಟಲಿಂದಲ್ಲ ಕಣೇ, ಹೊಟ್ಟೆಯಿಂದ ಕೂಗ್ಬೇಕು!"

ಒಡಕು ದನಿ. ಮೊದಲಿನ ಅರ್ಧವೂ ಇಲ್ಲ. ಆದರೆ ಮೇಲಿನ ಬಾಗಿಲು ತೆರೆಯಿತು. ತಾತ ಟೋಪಿಯನ್ನು ಅಡ್ಡಡ್ಡ ಹಾಕಿಕೊಂಡು, "ಬಂದೆ, ಬಂದೆ!" ಎನ್ನುತ್ತಾ ಇಳಿದರು. ಒಂದೊಂದಾಗಿ ಎಲ್ಲ ಬಾಗಿಲುಗಳೂ ತೆರೆದವು. ನಿದ್ದೆಗಣ್ಣಿನಲ್ಲಿ ಎಲ್ಲರೂ ನಗುತ್ತಿದ್ದರು. ನಿನ್ನ ಅಬ್ಬ ಲುಂಗಿ ಸರಿಮಾಡಿಕೊಳ್ಳುತ್ತಾ, "ಕರೆಂಟು ಬಂತು!" ಎಂದರು. ಸೊಸೆ ಓಡಿಹೋಗಿ ಆಪಾರನ್ನು ತಬ್ಬಿಕೊಂಡಳು. ಆಪಾ, "ಹೊಲಿಗೆ, ಹೊಲಿಗೆ!" ಎಂದು ಗದರಿದರು, ಬಿಡಿಸಿಕೊಳ್ಳಲಿಲ್ಲ.

ಡಾಕ್ಟರು ಬೈದಿದ್ದಾರೆ. ದಿನಕ್ಕೆ ಒಂದೇ ಕೂಗು ಎಂದು ಅಪ್ಪಣೆಯಾಗಿದೆ. ಅದು ಯಾರಿಗೆ ಮೀಸಲು ಎಂದು ನಿನಗೆ ಗೊತ್ತಾಗಿರಬೇಕು. ಉಳಿದ ಹೊತ್ತು ಬೆರಳು ತೋರಿಸಿ ಬೈಯುತ್ತಾರೆ. ಅದು ಇನ್ನೂ ಭಯಂಕರ.

ನಿನ್ನ ಅಬ್ಬ ಸ್ಕ್ರೂ ಕಳೆದುಕೊಂಡು ನನ್ನನ್ನು ಕರೆಯುತ್ತಿದ್ದಾರೆ, ಏಳಬೇಕು. ಅಳಿಯಂದಿರಿಗೂ ಬೀಗರಿಗೂ ನಮ್ಮ ಸಲಾಮು ತಿಳಿಸು. ಅಲ್ಲಾಹನು ನಿನ್ನ ಮನೆಯನ್ನು ನೆಮ್ಮದಿಯಿಂದ ತುಂಬಲಿ, ನಿನ್ನ ಮಗಳ ಆಯುಷ್ಯದಲ್ಲಿ ಬರಕತ್ ಕೊಡಲಿ, ನಿನ್ನ ನಗುವನ್ನು ಹಾಗೇ ಇಟ್ಟಿರಲಿ. ಆಮೀನ್.

ನಿನ್ನನ್ನು ದುಆದಲ್ಲಿ ಎಂದೂ ಮರೆಯದ
ನಿನ್ನ ಅಮ್ಮ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ. ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಕಳೆದ ಸಲ ನಿನ್ನ ಮನೆಗೆ ಬಂದಾಗ ಮಗು ಓಡಿಬಂದು ನನ್ನ ಕೈ ಹಿಡಿಯಲು ಹೋಯಿತು. ನೀನು ನಡುವೆ ಬಂದು ಅವಳನ್ನು ಹಿಂದಕ್ಕೆ ಎಳೆದುಕೊಂಡೆ. "ಅಮ್ಮಾ, ಮೊದಲು ಕೈ ತೊಳ್ಕೊಳ್ಳಿ" ಎಂದೆ. ನಾನು ಆಗಷ್ಟೇ ನಮಾಜಿಗೆಂದು ಕೈಕಾಲು ಮುಖ ತೊಳೆದು ವಜೂ ಮಾಡಿ ಬಂದಿದ್ದೆ, ನನ್ನ ಕೈ ಇನ್ನೂ ಒದ್ದೆಯಿತ್ತು. ಊಟದ ಹೊತ್ತಿಗೆ ನಿನ್ನ ಅತ್ತೆ ನಾನೇನು ಕೆಲಸ ಮಾಡುತ್ತೇನೆಂದು ಕೇಳಿದಾಗ ನೀನೇ "ಹೊಲಿಗೆ" ಎಂದೆ. ಅದೂ ಪೂರ್ತಿ ಸುಳ್ಳಲ್ಲ ಬಿಡು, ಸತ್ತವರಿಗೆ ಹೊದಿಸುವ ಕಫನ್ ಕತ್ತರಿಸುವವಳು ನಾನೇ ತಾನೇ. ಮಗುವಿಗೆ ನೆಗಡಿಯಾಗಿತ್ತೇನೋ, ಅತ್ತೆಯ ಎದುರು ನಿನಗೆ ಮುಜುಗರವಾಯಿತೇನೋ, ನನ್ನನ್ನು ಯಾರೂ ಏನೂ ಅನ್ನದಿರಲಿ ಎಂದು ಹಾಗೆ ಮಾಡಿದೆಯೇನೋ. ನಿನ್ನ ಬಗ್ಗೆ ಒಳ್ಳೆಯದನ್ನು ಅಂದುಕೊಳ್ಳುವುದು ನನಗೇನೂ ಕಷ್ಟವಲ್ಲ, ನೀನು ನನ್ನ ಮಗಳು. ಅಂದುಕೊಂಡೇ ಇರುತ್ತೇನೆ. ಆದರೆ ಮಗು ಆವತ್ತು ಬಗ್ಗಿ ನನ್ನ ಕೈಯನ್ನೇ ನೋಡುತ್ತಿತ್ತು, ಅದರಲ್ಲಿ ಏನಿದೆ ಎಂದು. ಅವಳಿಗೆ ಒಂದು ಮಾತು ಹೇಳು, ಏನೂ ಇರಲಿಲ್ಲವೆಂದು.