ಪಟ್ಟಿಗೆ ಸೇರದ ಖಾನಾವಳಿ

ಚಿತ್ತಾಪುರ
೯ ನವೆಂಬರ್ ೨೦೨೪

ಅನಸಕ್ಕನಿಗೆ ಹರಿಪ್ರಿಯಾ ಮಾಡುವ ನಮಸ್ಕಾರಗಳು.

ಇದನ್ನು ನಿಮಗೆ ಪೂನಮ್ ಓದಿ ಹೇಳುತ್ತಾಳೆಂದು ಗೊತ್ತು. ಪೂನಮ್, ನಡುವೆ ಸಿಟ್ಟು ಬಂದರೂ ಒಂದಕ್ಷರ ಬಿಡದೆ ನಿಮ್ಮ ಅವ್ವನಿಗೆ ಓದಿ ಹೇಳು ತಾಯಿ. ಹರಿದು ಬಿಸಾಡುವುದಿದ್ದರೆ ಆಮೇಲೆ ಬಿಸಾಡು.

ಹೋದ ರವಿವಾರ ರಾವೂರಿಗೆ ಬಂದಿದ್ದೆ. ನಿಮ್ಮ ಖಾನಾವಳಿಗೆ ಬೀಗ. ಪಾನ್‌ಡಬ್ಬಿಯ ಬೀರೇಶನನ್ನು ಕೇಳಿದರೆ, “ಮಗಳ ಮನಿಗಿ ಕುರಕುಂಟಾಕ್ಕ ಹೋಗ್ಯಾಳ್ರಿ. ಗಿರಾಕಿನೇ ಇಲ್ಲಂದ್ರ ಯಾರಿಗಿ ರೊಟ್ಟಿ ಬಡೀಬೇಕ್ರಿ?” ಎಂದು ನನ್ನನ್ನೇ ಕೇಳಿದ. ಪೂನಮಳ ವಿಳಾಸ ಕೊಟ್ಟವನೂ ಅವನೇ.

ಆ ಮಾತು ನನಗೆ ಚುಚ್ಚಿತು. ಶಾಲೆಗಳ ತಪಾಸಣೆಗೆಂದು ಊರೂರು ಅಲೆಯುವ ನನಗೆ ಬೋರ್ಡಿಲ್ಲದ, ನಾಲ್ಕು ಬೆಂಚಿನ ಹೋಟೆಲು ಹುಡುಕುವುದೇ ಒಂದು ಚಟ. ಸೇಡಂ ಸ್ಟ್ಯಾಂಡಿನ ಸುಸಲಾ ಮಿರ್ಚಿಭಜಿ, ಶಹಾಬಾದಿನ ಓಣಿಯೊಂದರ ಎಣ್ಣೆಗಾಯಿ, ಚಿಂಚೋಳಿ ರಸ್ತೆಯ ಪೆಸರಟ್ಟು, ಎಲ್ಲವನ್ನೂ ಫೋಟೊ ಸಮೇತ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ. ಮಂದಿ ಹುಡುಕಿಕೊಂಡು ಹೋಗಿ ಉಂಡು ಬಂದಿದ್ದಾರೆ. ಅವೆಲ್ಲಕ್ಕಿಂತ ರುಚಿಯಾದ ಊಟ ನಿಮ್ಮದು. ನಿಮ್ಮದನ್ನು ಮಾತ್ರ ಹಾಕಲಿಲ್ಲ. “ನಮ್ದೂ ಒಂದ್ ಹಾಕ್ರಿ ಮೇಡಂ” ಎಂದು ಪೂನಮ್ ಎರಡು ಸಲ ಕೇಳಿದಾಗ ನೆಟ್‌ವರ್ಕ್ ಇಲ್ಲವೆಂದು ಜಾರಿಕೊಂಡೆ. ಫೋಟೊ ತೆಗೆದರೆ ಗೋಡೆ ಬರುತ್ತಿತ್ತು, ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿ ಬಾಬಾಸಾಹೇಬರಿದ್ದರು. ಆ ಗುಂಪಿನಲ್ಲಿ ನನ್ನ ತಮ್ಮ ಧೀರೇಂದ್ರನಿದ್ದಾನೆ, ನಮ್ಮ ಮಠದವರಿದ್ದಾರೆ. ಹರಿಪ್ರಿಯಾ ಯಾರ ಮನೆಯಲ್ಲಿ ಉಂಡಳೆಂದು ಅವರಿಗೆ ತಿಳಿಯಬಾರದಿತ್ತು. ಇಷ್ಟೇ ಕಾರಣ, ಅನಸಕ್ಕ. ಬೇರೆ ಯಾವುದೂ ಇಲ್ಲ.

ಇನ್ನು ನಮ್ಮ ಅವ್ವನ ವಿಷಯ. ಜಡ್ಡಿನಿಂದ ಅವಳ ಬಾಯಿ ಕೆಟ್ಟು, ಗಂಜಿಯೂ ಒಳಗಿಳಿಯದೆ ಹೋದಾಗ ನಿಮ್ಮ ಹುಳಿಸೊಪ್ಪಿನ ಪುಂಡಿಪಲ್ಯ ನೆನಪಾಯಿತು. ಡಾಕ್ಟರ್ ಪಥ್ಯ ಹೇಳಿದ್ದಾರೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ನಡೆಯುವುದಿಲ್ಲ ಎಂದು ನಿಮಗೆ ಹೇಳಿದೆ. ಅದು ಡಾಕ್ಟರ ಮಾತಲ್ಲ, ನಮ್ಮ ಮಡಿಯ ಮಾತು. ನೀವು ಅದಕ್ಕೆಂದೇ ಹೊಸ ಪಾತೇಲಿ ತಂದಿರಿ. ಮೂರು ತಿಂಗಳು ದಿನಾ ಡಬ್ಬಿ ಕಟ್ಟಿದಿರಿ. ಅವ್ವ ಬೆರಳು ಚೀಪಿಕೊಂಡು ಉಂಡು, “ಈ ಕೈ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆವ್ವ?” ಎಂದು ನನ್ನ ಕೈ ಹಿಡಿದು ಕೇಳಿದಳು. ನಾನು ನಕ್ಕು ಇನ್ನೊಂದು ಸೌಟು ಬಡಿಸಿದೆ.

ನೀವೋ, ದಿನಾ “ಇವತ್ತ ಎಷ್ಟ ಉಂಡಾರ್ರೀ ಅವ್ವಾರು?” ಎಂದು ಕೇಳುತ್ತಿದ್ದಿರಿ. “ಒಂದ್ಸಲ ಅವ್ರ ಮಾರಿ ನೋಡ್ಬೇಕು ನೋಡ್ರಿ” ಅನ್ನುತ್ತಿದ್ದಿರಿ. ಮುಂದಿನ ವಾರ, ಅದರ ಮುಂದಿನ ವಾರ ಎಂದು ದೂಡುತ್ತ ಬಂದೆ. ಅಷ್ಟರಲ್ಲಿ ಅವ್ವನೇ ಹೋದಳು.

ಅವಳ ಹದಿಮೂರನೆಯ ದಿನಕ್ಕೆ ಧೀರೇಂದ್ರ ಹಟ ಹಿಡಿದ. ಅವ್ವ ಕಡೆಗೆ ಉಂಡದ್ದು ಅಕ್ಕನ ಕೈಯ ಪಲ್ಯ, ಎಲ್ಲರ ಎಲೆಗೂ ಅದೇ ಬೀಳಬೇಕು ಎಂದ. ಪಕ್ಕದ ಮನೆಯಲ್ಲಿ ಮಡಿಯಲ್ಲೇ ಮಾಡುತ್ತೇನೆಂದು ಅವನಿಗೆ ಹೇಳಿ, ಆಟೋದವನ ಕೈಯಲ್ಲಿ ಕಳಿಸಿರೆಂದು ನಿಮಗೆ ಫೋನು ಮಾಡಿದೆ. ಆದರೆ ಪಲ್ಯದ ಜೊತೆ ನೀವೂ ಬಂದಿರಿ. ಬಿಳೀ ಸೀರೆ ಉಟ್ಟು ಹಿತ್ತಲ ಬಾಗಿಲಲ್ಲಿ ನಿಂತು, “ಮಾರಿ ನೋಡ್ಲಿಕ್ಕಂತೂ ಆಗ್ಲಿಲ್ಲ, ಅವ್ರ ಫೋಟೊಕ್ಕರೆ ಕೈ ಮುಗೀತೀನ್ರಿ” ಅಂದಿರಿ.

ಅಷ್ಟರಲ್ಲಿ ಹಿಂದೆ ಬಂದ ಧೀರೇಂದ್ರ ಯಾರು ಇವರು ಎಂದು ಕೇಳಿದ. ಪಾತ್ರೆ ತಿಕ್ಕಲು ಕರೆಸಿದ್ದೇನೆ ಎಂದುಬಿಟ್ಟೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ನೀವು ನನ್ನ ಮುಖವನ್ನೊಮ್ಮೆ ನೋಡಿದಿರಿ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಳದ ಹತ್ತಿರ ಕೂತು, ರಾಶಿ ಬಿದ್ದಿದ್ದ ಪಾತ್ರೆಗಳನ್ನು ತಿಕ್ಕತೊಡಗಿದಿರಿ. ನನ್ನ ಸುಳ್ಳು ಸುಳ್ಳಾಗಬಾರದೆಂದು! ಒಳಗೆ ಎಲ್ಲರೂ ನಿಮ್ಮ ಪಲ್ಯ ಉಂಡು ನನ್ನ ಕೈ ಹೊಗಳುತ್ತಿದ್ದರು. ನಾನು ಹೂಂ ಹೂಂ ಅನ್ನುತ್ತ ಬಡಿಸುತ್ತಿದ್ದೆ. ಊಟ ಮುಗಿದ ಮೇಲೆ ಧೀರೇಂದ್ರನೇ ಉಳಿದ ಅನ್ನ, ಪಲ್ಯ ಕಟ್ಟಿ, ಪಾಪ ಹಸಿದಿರಬೇಕು ಎಂದು ನಿಮ್ಮ ಚೀಲಕ್ಕೆ ಮೇಲಿನಿಂದ ಹಾಕಿದ. ನೀವೇ ಮಾಡಿದ ಪಲ್ಯ. ತೊಗೊಂಡು ಹೋದಿರಿ. ಅವ್ವನ ಫೋಟೊ ನಡುಮನೆಯಲ್ಲೇ ಇತ್ತು. ಕರೆದಿದ್ದರೆ ಹತ್ತು ಹೆಜ್ಜೆ.

ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಾಚಿಕೆಗೇಡಿ ನಾನು. ಹೋದ ವಾರ ರಾವೂರಿನಿಂದ ಬಂದವಳೇ ನಿಮ್ಮ ಖಾನಾವಳಿಯ ಬಗ್ಗೆ ನಾಲ್ಕು ಸಾಲು ಟೈಪ್ ಮಾಡಿದೆ. ಮುಚ್ಚಿದ ಖಾನಾವಳಿಗೆ ಯಾರು ಹೋಗುತ್ತಾರೆ ಅನ್ನಿಸಿ ಅಳಿಸಿದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ನನ್ನನ್ನು ಕ್ಷಮಿಸುವುದು ಬಿಡುವುದು ನಿಮ್ಮ ಇಷ್ಟ. ಧೀರೇಂದ್ರನಿಗೆ ಎಲ್ಲವನ್ನೂ ಹೇಳಿ, ಅವನನ್ನು ಕರೆದುಕೊಂಡು ಕುರಕುಂಟಾಕ್ಕೆ ಬಂದು, ನಿಮ್ಮ ಮುಂದೆ ಕೂತು ಉಣ್ಣಬೇಕೆಂದಿದೆ. ಖಂಡಿತ ಬರುತ್ತೇನೆ ಅನಸಕ್ಕ.

ಇಂತಿ, ನಿಮ್ಮ ಅನ್ನ ಉಂಡವಳು,
ಹರಿಪ್ರಿಯಾ

ತಾ.ಕ.: ಬರುವ ಹುಣ್ಣಿಮೆಗೆ ಧೀರೇಂದ್ರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾನೆ. ಅಕ್ಕನ ಕೈಯ ಪುಂಡಿಪಲ್ಯವೇ ಬೇಕಂತೆ. ನಾನು ಮೂರು ಸಲ ಮಾಡಿ ನೋಡಿದೆ, ನಿಮ್ಮ ಹದ ಬರಲಿಲ್ಲ. ಹೇಗೆ ಮಾಡುವುದೆಂದು ಪೂನಮಳಿಂದ ಬರೆಸಿ ಕಳಿಸಿರಿ. ಮನೆಗೆ ಬೇಡ, ಜೊತೆಗಿನ ಚೀಟಿಯಲ್ಲಿರುವ ನನ್ನ ಆಫೀಸಿನ ವಿಳಾಸಕ್ಕೆ ಹಾಕಿಸಿರಿ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವುದೇನೂ ಬೇಕಾಗಿಲ್ಲ.